ಉಸಿರಿಗೂ ವಯಸ್ಸಾಗುವುದುಂಟೆ?

ಕೂದಲು ನರೆತರೆ ಕನ್ನಡಿ ಹೇಳುತ್ತದೆ. ಹಲ್ಲು ಅಲುಗಿದರೆ ನಾಲಗೆಗೆ ತಿಳಿಯುತ್ತದೆ. ಕಣ್ಣು ಮಂಜಾದುದನ್ನು ಪಂಚಾಂಗದ ಸಣ್ಣ ಅಕ್ಷರಗಳು ಸಾರುತ್ತವೆ. ಆದರೆ ಎದೆಗೂಡಿನೊಳಗೆ ಹಗಲಿರುಳು ದುಡಿಯುವ ಶ್ವಾಸಕೋಶಗಳಿಗೆ ವಯಸ್ಸಾದುದನ್ನು ತಿಳಿಸುವವರು ಯಾರೂ ಇಲ್ಲ. ಅವು ಹೊರಗೆ ಕಾಣುವುದಿಲ್ಲ. ಮುಪ್ಪಾದುವೆಂದು ನೋಯುವುದೂ ಇಲ್ಲ. ಎಂದಾದರೊಂದು ದಿನ ಕಡಿದಾದ ದಾರಿ ಎದುರಾದಾಗಲೇ ಅವುಗಳ ನೆನಪು ಬರುವುದು.

ಮೈಸೂರು ಜಿಲ್ಲೆಯ ಚುಂಚನಕಟ್ಟೆಗೆ ಹೋಗಿ ಬಂದ ಕುಟುಂಬಗಳಿಗೆ ಈ ಅನುಭವ ಹೊಸದಲ್ಲ. ಕೃಷ್ಣರಾಜನಗರದ ಕಡೆಯ ಈ ಊರಿನಲ್ಲಿ ಕಾವೇರಿಯು ಬಂಡೆಗಳ ನಡುವೆ ಸುಮಾರು 20 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ದೇವಾಲಯವಿದೆ. ಜನವರಿಯಲ್ಲಿ ನೆರೆಯುವ ದನಗಳ ಜಾತ್ರೆಗೆ ಸುತ್ತಣ ತಾಲ್ಲೂಕುಗಳ ರೈತರು ತಮ್ಮ ಎತ್ತುಗಳನ್ನು ಸಿಂಗರಿಸಿಕೊಂಡು ಬರುತ್ತಾರೆ. ಪಟ್ಟಣದಲ್ಲಿ ನೆಲೆಸಿದ ಮಕ್ಕಳು ಊರಿನ ಹಿರಿಯರನ್ನು ಕರೆದುಕೊಂಡು ಬರುತ್ತಾರೆ. ನೀರಿನ ಬಳಿಗೆ ಇಳಿಯುವಾಗ ಮೂರು ತಲೆಮಾರಿನವರೂ ಒಟ್ಟಾಗಿಯೇ ಇಳಿಯುವುದುಂಟು. ಮೇಲೇರುವಾಗ ಮಾತ್ರ ಗುಂಪು ಒಡೆಯುತ್ತದೆ. ಮೊಮ್ಮಗ ಓಡುತ್ತಾನೆ, ತಂದೆ ನಡೆಯುತ್ತಾನೆ, ಅಜ್ಜ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಾರೆ, ಅಜ್ಜಿ ಅರ್ಧ ದಾರಿಯಲ್ಲೇ ಕುಳಿತುಬಿಡುತ್ತಾರೆ. "ಏನಜ್ಜಿ, ದಮ್ಮು ಕಟ್ಟಿತೆ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ವಯಸ್ಸಾಯಿತಲ್ಲಪ್ಪ."

ಅಜ್ಜ ನಿಂತು ಸುಧಾರಿಸಿಕೊಂಡುದಕ್ಕೆ ಆ ಉತ್ತರ ಸರಿಯಿರಬಹುದು. ಅಜ್ಜಿ ಕುಳಿತುಬಿಟ್ಟುದಕ್ಕೂ ಅದೇ ಉತ್ತರ ಸಾಕೆ? ವಯಸ್ಸು ಶ್ವಾಸಕೋಶಕ್ಕೆ ಏನು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದನ್ನು ತಿಳಿದವರಿಗೆ ಮಾತ್ರ ಇವೆರಡರ ವ್ಯತ್ಯಾಸ ಕಾಣುತ್ತದೆ.

ಗೂಡು ಕಟ್ಟುವ ಕಾಲ

ಶ್ವಾಸಕೋಶವೆಂದರೆ ತಲೆಕೆಳಗಾಗಿ ನಿಲ್ಲಿಸಿದ ಮರವಿದ್ದಂತೆ. ಗಂಟಲಿನ ಕೆಳಗಿನ ಶ್ವಾಸನಾಳವೇ ಅದರ ಬೊಡ್ಡೆ. ಅದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯ ಕವಲುಗಳಲ್ಲಿ ಎಲೆಗಳಿಗೆ ಬದಲಾಗಿ ಪುಟ್ಟ ಗಾಳಿಚೀಲಗಳಿವೆ. ಒಂದೊಂದರ ಅಡ್ಡಳತೆ ಮಿಲಿಮೀಟರಿನ ನಾಲ್ಕನೆಯ ಒಂದು ಪಾಲಿನಷ್ಟು. ಅವುಗಳ ತೆಳುವಾದ ಗೋಡೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ನೆತ್ತರು. ಆಮ್ಲಜನಕ ಒಳಸೇರುವುದೂ ಅಂಗಾರಾಮ್ಲ ಹೊರಬರುವುದೂ ಈ ಗೋಡೆಯ ಮೂಲಕವೇ.

ಹುಟ್ಟುವ ಮಗುವಿಗೆ ಇಂಥ ಗಾಳಿಚೀಲಗಳು ಕೆಲವು ಕೋಟಿಗಳಷ್ಟೇ ಇರುತ್ತವೆ. ಮೊದಲ ಎರಡು ಮೂರು ವರ್ಷಗಳಲ್ಲಿ ಅವು ಭರದಿಂದ ಹೆಚ್ಚುತ್ತವೆ; ಅನಂತರವೂ ನಿಧಾನವಾಗಿ ಬೆಳೆದು ಪ್ರಾಯದ ವೇಳೆಗೆ ಮೂವತ್ತರಿಂದ ಐವತ್ತು ಕೋಟಿಯಷ್ಟಾಗುತ್ತವೆ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಲು ಸಾಧ್ಯವಾದರೆ ಸುಮಾರು 70 ಚದರ ಮೀಟರ್ ಆದೀತು. ಅಂದರೆ ಒಂದು ಚಿಕ್ಕ ಮನೆಯ ನೆಲದಷ್ಟು ವಿಸ್ತಾರವು ಪ್ರತಿಯೊಬ್ಬರ ಎದೆಯೊಳಗೆ ಮಡಿಸಿಟ್ಟಿದೆ.

ಶ್ವಾಸಕೋಶದ ಶಕ್ತಿಯು ಇಪ್ಪತ್ತು ಇಪ್ಪತ್ತೈದರ ಪ್ರಾಯದಲ್ಲಿ ಶಿಖರ ಮುಟ್ಟುತ್ತದೆ. ಮುಂದೆ ಕೆಲವು ವರ್ಷ ಹಾಗೆಯೇ ನಿಂತಿದ್ದು, ಮೂವತ್ತೈದರ ಸುಮಾರಿಗೆ ಇಳಿಮುಖವಾಗುತ್ತದೆ. ಬಾಲ್ಯದಲ್ಲಿ ಗೂಡು ಸರಿಯಾಗಿ ಕಟ್ಟಿಕೊಳ್ಳದಿದ್ದವರು ಇಳಿಯಲು ತೊಡಗುವುದೇ ತಗ್ಗಿನ ಮೆಟ್ಟಿಲಿನಿಂದ. ಹೊಗೆ ತುಂಬಿದ ಅಡುಗೆಮನೆಯಲ್ಲಿ ತಾಯಿಯ ಸೊಂಟದ ಮೇಲೆ ಕುಳಿತ ಕೂಸಿನ ಲೆಕ್ಕವೂ ಅಲ್ಲಿಂದಲೇ ಆರಂಭವಾಗುತ್ತದೆ.

ಗೋಡೆ ಉಳಿದು ಕೋಣೆ ಹಿಗ್ಗುವುದು

ಉಸಿರನ್ನು ಒಳಗೆಳೆಯಲು ಸ್ನಾಯುಗಳು ದುಡಿಯಬೇಕು. ಸುಮ್ಮನೆ ಕುಳಿತಿರುವಾಗ ಹೊರಬಿಡಲು ಮಾತ್ರ ಯಾವ ಶ್ರಮವೂ ಬೇಕಿಲ್ಲ. ಎಳೆದ ರಬ್ಬರು ಬಿಟ್ಟಕೂಡಲೇ ಕುಗ್ಗುವಂತೆ, ಹಿಗ್ಗಿದ ಶ್ವಾಸಕೋಶ ತಾನಾಗಿಯೇ ಕುಗ್ಗಿ ಗಾಳಿಯನ್ನು ಹೊರದಬ್ಬುತ್ತದೆ. ಗಾಳಿಚೀಲಗಳ ಗೋಡೆಗಳಲ್ಲಿ ಹೆಣೆದುಕೊಂಡಿರುವ ಎಳೆಗಳೇ ಈ ಸೆಳೆತಕ್ಕೆ ಕಾರಣ. ವಯಸ್ಸಾದಂತೆ ಆ ಎಳೆಗಳ ಹೆಣಿಗೆ ಸಡಿಲಗೊಳ್ಳುತ್ತದೆ, ಸೆಳೆತ ಕುಂದುತ್ತದೆ. ಗಾಳಿಚೀಲಗಳೂ ಅವುಗಳಿಗೆ ದಾರಿಯಾದ ಓಣಿಗಳೂ ಅಗಲವಾಗುತ್ತವೆ. ಕೋಣೆಗಳು ದೊಡ್ಡವಾದಷ್ಟೂ ಅದೇ ಎದೆಗೂಡಿನಲ್ಲಿ ಗೋಡೆಗಳ ಒಟ್ಟು ವಿಸ್ತಾರ ಕಡಮೆಯಾಗುತ್ತದೆ. ಮೂವತ್ತರ ಅನಂತರ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ಕರಷ್ಟು ವಿಸ್ತಾರ ಇಳಿಯುತ್ತದೆಂದು ಅಂದಾಜು.

ಈ ಸೆಳೆತ ಮತ್ತೊಂದು ಕೆಲಸವನ್ನೂ ಮಾಡುತ್ತದೆ. ದೊಡ್ಡ ಶ್ವಾಸನಾಳಗಳಿಗೆ ಮೃದ್ವಸ್ಥಿಯ ಬಳೆಗಳ ಆಸರೆಯಿದೆ. ಅತಿ ಸಣ್ಣ ನಾಳಗಳಿಗೆ ಅದಿಲ್ಲ. ಜಾತ್ರೆಯ ಡೇರೆಯನ್ನು ಸುತ್ತಲಿನ ಹಗ್ಗಗಳು ಎಳೆದು ನಿಲ್ಲಿಸುವಂತೆ, ಸುತ್ತಲಿನ ಗಾಳಿಚೀಲಗಳ ಎಳೆತವೇ ಅವುಗಳನ್ನು ತೆರೆದಿಡುತ್ತದೆ. ಹಗ್ಗ ಸಡಿಲವಾದಾಗ ಡೇರೆ ಬಾಗುತ್ತದೆ. ಅಂತೆಯೇ ಮುಪ್ಪಿನಲ್ಲಿ ಉಸಿರು ಪೂರ್ತಿ ಹೊರಬರುವ ಮೊದಲೇ ಕೆಳಭಾಗದ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಕೊಂಚ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಊದಿದರೂ ಹೊರಬಾರದೆ ಉಳಿಯುವ ಈ ಗಾಳಿಯ ಪ್ರಮಾಣವು ಇಪ್ಪತ್ತರಿಂದ ಎಪ್ಪತ್ತರೊಳಗೆ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಶ್ವಾಸಕೋಶದ ಒಟ್ಟು ಹಿಡಿತ ಹೆಚ್ಚುಕಡಮೆ ಮೊದಲಿನಷ್ಟೇ ಇರುತ್ತದೆ. ಆದರೆ ಅದರಲ್ಲಿ ಬಳಕೆಗೆ ಬರುವ ಪಾಲು ಕಿರಿದಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಬೇಕು. ವಯೋಧರ್ಮದಿಂದ ಗಾಳಿಚೀಲಗಳು ಹಿಗ್ಗುತ್ತವೆಯೇ ಹೊರತು ಅವುಗಳ ಗೋಡೆಗಳು ಒಡೆದು ಹಾಳಾಗುವುದಿಲ್ಲ. ಗೋಡೆಗಳು ಒಡೆದು, ಹತ್ತು ಚೀಲಗಳು ಕೂಡಿ ಒಂದು ಹಾಳು ಚೀಲವಾಗುವುದು ಎಂಫಿಸೀಮಾ ಎಂಬ ರೋಗದಲ್ಲಿ. ಹಿಂದೆ ಮುದುಕರ ಹಿಗ್ಗಿದ ಶ್ವಾಸಕೋಶವನ್ನೂ 'ಮುಪ್ಪಿನ ಎಂಫಿಸೀಮಾ' ಎಂದೇ ಕರೆಯುತ್ತಿದ್ದರು. ಗೋಡೆಗಳು ಉಳಿದಿರುವುದನ್ನು ಕಂಡಮೇಲೆ ಆ ಹೆಸರು ಸರಿಯಲ್ಲವೆಂದು ತಜ್ಞರು ಅದನ್ನು ಕೈಬಿಟ್ಟರು. ಹಳತಾದ ಮನೆಯೇ ಬೇರೆ, ಸುಟ್ಟ ಮನೆಯೇ ಬೇರೆ.

ತಿದಿಯೂ ಬಿಗಿಯಾಗುತ್ತದೆ

ಒಳಗಿನ ಎಳೆಗಳು ಸಡಿಲವಾಗುತ್ತಿರುವಾಗಲೇ ಹೊರಗಿನ ಎದೆಗೂಡು ಬಿಗಿಯಾಗುತ್ತದೆ. ಪಕ್ಕೆಲುಬುಗಳನ್ನು ಎದೆಯ ಮೂಳೆಗೆ ಜೋಡಿಸುವ ಮೃದ್ವಸ್ಥಿಯಲ್ಲಿ ಸುಣ್ಣದ ಅಂಶ ಸೇರುತ್ತದೆ, ಕೀಲುಗಳು ಪೆಡಸಾಗುತ್ತವೆ. ಬೆನ್ನುಮೂಳೆ ಸವೆದು ಬೆನ್ನು ಬಾಗಿದರಂತೂ ಎದೆಗೆ ಅರಳಲು ಎಡೆಯೇ ಸಾಲದು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಟೊಳ್ಳಾಗುವ ಹೆಂಗಸರಲ್ಲಿ ಇದು ಹೆಚ್ಚು.

ಎದೆಗೂ ಹೊಟ್ಟೆಗೂ ನಡುವೆ ತೆರೆಯಂತಿರುವ ವಪೆಯೇ ಉಸಿರಾಟದ ಮುಖ್ಯ ಸ್ನಾಯು. ಅದರ ಬಲವೂ ತಗ್ಗುತ್ತದೆ. ತರುಣರ ವಪೆಗೆ ಹೋಲಿಸಿದರೆ ವೃದ್ಧರದು ಸುಮಾರು ಕಾಲುಭಾಗ ದುರ್ಬಲವೆಂದು ಪರೀಕ್ಷೆಗಳು ತೋರಿಸಿವೆ. ಕಮ್ಮಾರನ ತಿದಿಯ ಚರ್ಮ ಜೋತುಬಿದ್ದು, ಹಲಗೆ ಬಿಗಿದುಕೊಂಡು, ಒತ್ತುವ ಕೈಯೂ ಸೋತರೆ ಹೇಗೋ ಹಾಗೆ.

ಕಾವಲುಗಾರರೂ ಮಂದವಾಗುತ್ತಾರೆ. ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಧೂಳು, ಕ್ರಿಮಿ ಅಂಟಿದ ಲೋಳೆಯನ್ನು ಅವು ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ಮುಪ್ಪಿನಲ್ಲಿ ಈ ಗುಡಿಸುವಿಕೆ ನಿಧಾನವಾಗುತ್ತದೆ. ಕೆಮ್ಮಿನ ಚುರುಕು ಕಡಮೆಯಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಹೊರಡಿಸುವ ಎಚ್ಚರಿಕೆಯೂ ಮೊದಲಿನಷ್ಟು ಜೋರಾಗಿರುವುದಿಲ್ಲ. ಆದುದರಿಂದಲೇ ಹಿರಿಯರಲ್ಲಿ ನ್ಯುಮೋನಿಯಾ ಕೆಲವೊಮ್ಮೆ ಜ್ವರವಿಲ್ಲದೆ, ಕೆಮ್ಮಿಲ್ಲದೆ ಬರುವುದು. ಅಜ್ಜ ಇದ್ದಕ್ಕಿದ್ದಂತೆ ಊಟ ಬಿಟ್ಟು, ಮಂಕಾಗಿ ಕುಳಿತು, ಅಸಂಬದ್ಧವಾಗಿ ಮಾತನಾಡತೊಡಗಿದರೆ ಅರಳುಮರಳೆಂದು ಸುಮ್ಮನಾಗದೆ ಅಂದೇ ವೈದ್ಯರಿಗೆ ತೋರಿಸಬೇಕು.

ಕೂಡಿಟ್ಟ ಗಂಟು

ಇಷ್ಟೆಲ್ಲ ಓದಿದವರಿಗೆ ಮುದುಕರು ಉಸಿರಾಡುವುದೇ ಹೇಗೆ ಎಂಬ ಚಿಂತೆ ಹುಟ್ಟಬಹುದು. ಅದಕ್ಕೆ ಸಮಾಧಾನವೂ ಇದೆ.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಚಿನ್‌ಸನ್ ಎಂಬಾತನು ಉಸಿರನ್ನು ಅಳೆಯುವ ಸ್ಪೈರೋಮೀಟರ್ ಯಂತ್ರವನ್ನು ರಚಿಸಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅದರಲ್ಲಿ ಊದಿಸಿ, ದೊರೆತ ಲೆಕ್ಕವನ್ನು 1846ರಲ್ಲಿ ಪ್ರಕಟಿಸಿದನು. ಎತ್ತರ ಹೆಚ್ಚಿದಂತೆ ಉಸಿರಿನ ಅಳತೆ ಹೆಚ್ಚುವುದನ್ನೂ ವಯಸ್ಸು ಏರಿದಂತೆ ಇಳಿಯುವುದನ್ನೂ ಆತನು ತೋರಿಸಿಕೊಟ್ಟನು. ಇಂದಿನ ವೈದ್ಯರು ಅದೇ ತತ್ತ್ವದ ಯಂತ್ರದಿಂದ, ಜೋರಾಗಿ ಊದಿದಾಗ ಮೊದಲನೆಯ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತೆಂದು ನೋಡುತ್ತಾರೆ. ಆರೋಗ್ಯವಂತ ತರುಣನಲ್ಲಿ ಇದು ಮೂರೂವರೆ, ನಾಲ್ಕು ಲೀಟರ್ ಇರಬಹುದು. ವಯೋಧರ್ಮದಿಂದ ವರ್ಷಕ್ಕೆ ಕಳೆದುಹೋಗುವುದು ಸುಮಾರು 25ರಿಂದ 30 ಮಿಲಿಲೀಟರ್, ಅಂದರೆ ಐದಾರು ಚಮಚೆಯಷ್ಟು. ನಲವತ್ತು ವರ್ಷಗಳಲ್ಲಿ ಒಂದು ಲೀಟರಿಗೆ ಸ್ವಲ್ಪ ಹೆಚ್ಚು.

ನಷ್ಟ ದೊಡ್ಡದೇ ಸರಿ. ಆದರೆ ಪ್ರಕೃತಿಯು ಕೊಟ್ಟ ಗಂಟು ಅದಕ್ಕಿಂತ ದೊಡ್ಡದು. ಸುಮ್ಮನೆ ಕುಳಿತವನಿಗೆ ನಿಮಿಷಕ್ಕೆ ಬೇಕಾದ ಗಾಳಿ ಆರು ಲೀಟರಿನಷ್ಟು. ಗಟ್ಟಿಮುಟ್ಟಾದ ತರುಣನ ಶ್ವಾಸಕೋಶ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ಗಾಳಿಯನ್ನು ಆಡಿಸಬಲ್ಲದು. ಅಗತ್ಯಕ್ಕಿಂತ ಹತ್ತಾರು ಪಾಲು ಹೆಚ್ಚಿನ ಈ ಕೂಡಿಟ್ಟ ಶಕ್ತಿಯಿಂದಲೇ ವಯಸ್ಸು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಆದಕಾರಣ ಎಪ್ಪತ್ತರ ಆರೋಗ್ಯವಂತರು ಮೊಮ್ಮಗನಂತೆ ಏರು ಓಡಲಾರರು. ಆದರೆ ಸಮನೆಲದಲ್ಲಿ ನಡೆಯಲು, ಸ್ನಾನ ಮಾಡಲು, ಸೀರೆ ಉಡಲು, ಹೂ ಬಿಡಿಸಲು ಅವರಿಗೆ ಉಸಿರು ಸಾಲದೆ ಹೋಗಬಾರದು. ಸಾಲದೆ ಹೋದರೆ ಆ ಗಂಟಿಗೆ ಮತ್ತಾರೋ ಕೈಹಾಕಿದ್ದಾರೆಂದೇ ತಿಳಿಯಬೇಕು.

ಒಲೆಯ ಲೆಕ್ಕ

ಕೈಹಾಕುವವರಲ್ಲಿ ಮೊದಲನೆಯದು ಹೊಗೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಸೀಮೆಯಲ್ಲಿ ಹೊಗೆಸೊಪ್ಪು ಹಣದ ಬೆಳೆ. ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳಿಗೆ ಹಗಲಿರುಳೆನ್ನದೆ ಸೌದೆ ಒಟ್ಟುವವರು ಇಲ್ಲಿ ಅನೇಕರು. ಬೀಡಿ, ಸಿಗರೇಟು ಸೇದುವವರ ವಿಷಯದಲ್ಲಂತೂ ಸಂಶಯಕ್ಕೆಡೆಯಿಲ್ಲ. ಫ್ಲೆಚರ್ ಮತ್ತು ಪೀಟೊ ಎಂಬ ವಿದ್ವಾಂಸರು ಲಂಡನ್ನಿನ ದುಡಿಮೆಗಾರರನ್ನು ಎಂಟು ವರ್ಷಗಳ ಕಾಲ ಪರೀಕ್ಷಿಸಿದ ಫಲವನ್ನು 1977ರಲ್ಲಿ ತಿಳಿಸಿದರು. ಹೊಗೆಯ ಬಾಧೆಗೆ ಸುಲಭವಾಗಿ ಒಳಗಾಗುವವರಲ್ಲಿ ಶ್ವಾಸಕೋಶದ ಶಕ್ತಿ ಉಳಿದವರಿಗಿಂತ ಬಹುಬೇಗ ಇಳಿಯುತ್ತದೆ. ಸೇದುವುದನ್ನು ಬಿಟ್ಟರೆ ಕಳೆದುದು ಮರಳುವುದಿಲ್ಲ. ಆದರೆ ಮುಂದಿನ ಇಳಿತವು ಸೇದದವರಷ್ಟೇ ನಿಧಾನವಾಗುತ್ತದೆ. ಅರವತ್ತಾದ ಮೇಲೆ ಬಿಟ್ಟು ಏನು ಪ್ರಯೋಜನವೆನ್ನುವವರಿಗೆ ಇದೇ ಉತ್ತರ.

ಇನ್ನು, ಜನ್ಮದಲ್ಲಿ ಬೀಡಿ ಮುಟ್ಟದ ಅಜ್ಜಿಯ ಮಾತೇನು? ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಬಗ್ಗೆ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ತಜ್ಞರು ನಡೆಸಿದ ಒಂದು ಅಧ್ಯಯನವು 2013ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸೌದೆ, ಬೆರಣಿಗಳ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಅಂಥವು ಎಷ್ಟು ವರ್ಷ ಎಂಬುದನ್ನು ಗುಣಿಸಿ ಬರುವ ಸಂಖ್ಯೆಯೇ ಅಲ್ಲಿನ ಅಳತೆಗೋಲು. ಆ ಸಂಖ್ಯೆ 60 ಮುಟ್ಟಿದಾಗ ಶ್ವಾಸನಾಳಗಳ ದೀರ್ಘಕಾಲದ ಉರಿಯೂತ ಬರುವ ಭಯವು ಗಣನೀಯವಾಗುತ್ತದೆಂದು ಅವರು ಕಂಡರು. ವರ್ಷದಲ್ಲಿ ಮೂರು ತಿಂಗಳಂತೆ ಎರಡು ವರ್ಷ ಸತತವಾಗಿ ಕಫದ ಕೆಮ್ಮು ಇರುವುದೇ ಈ ಕಾಯಿಲೆಯ ಗುರುತು.

ಈ ಲೆಕ್ಕವನ್ನು ಯಾವ ಮನೆಯಲ್ಲಾದರೂ ಮಾಡಬಹುದು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವರದು 60. ಹದಿನೈದರ ಪ್ರಾಯದಲ್ಲಿ ಒಲೆಯ ಮುಂದೆ ಕುಳಿತು, ಕೂಡುಕುಟುಂಬಕ್ಕೆ ದಿನಕ್ಕೆ ನಾಲ್ಕು ಗಂಟೆಯಂತೆ ನಲವತ್ತು ವರ್ಷ ಬೇಯಿಸಿ ಹಾಕಿದ ಅಜ್ಜಿಯದು 160. ಚುಂಚನಕಟ್ಟೆಯ ಏರಿನಲ್ಲಿ ಅರ್ಧಕ್ಕೇ ಕುಳಿತವರ ಎದೆಯಲ್ಲಿ ವಯಸ್ಸಿನ ಜೊತೆಗೆ ಈ 160 ಕೂಡ ಇರಬಹುದು. ಅದನ್ನು ಯಾರೂ ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ. ಹೊಗೆಯಿಂದ ಕಣ್ಣೀರು ಬರುವುದನ್ನು ಸಂಸಾರದ ಒಂದು ಭಾಗವೆಂದೇ ತಿಳಿದ ತಲೆಮಾರು ಅದು.

2016ರಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಮನೆಗಳಿಗೆ ಅಡುಗೆ ಅನಿಲ ಬಂದಿದೆ. ಆದರೆ ಅನಿಲದ ಒಲೆಯಿರುವ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆಗೆ ಇನ್ನೂ ಸೌದೆ, ತೆಂಗಿನ ಗರಿಗಳೇ ಗತಿ. ಮುಂಜಾನೆ ಎದ್ದು ಆ ಉರಿ ಹೊತ್ತಿಸುವವರು ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರೇ.

ವಯಸ್ಸೋ, ರೋಗವೋ?

ಎರಡನ್ನೂ ಬೇರ್ಪಡಿಸಿ ನೋಡಲು ಮನೆಯವರಿಗೆ ಕೆಲವು ಗುರುತುಗಳು ಸಾಕು. ವಯಸ್ಸಿನ ಇಳಿತ ನಿಧಾನವಾದುದು. ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಅದು ಕಾಣಿಸುವುದಿಲ್ಲ. ಕಳೆದ ದೀಪಾವಳಿಯಲ್ಲಿ ಅಂಗಡಿಯವರೆಗೆ ನಡೆಯುತ್ತಿದ್ದವರು ಈ ದೀಪಾವಳಿಗೆ ನಡುದಾರಿಯಲ್ಲಿ ನಿಲ್ಲುತ್ತಿದ್ದರೆ ಅದು ವಯಸ್ಸಲ್ಲ. ಸಮವಯಸ್ಕರೊಡನೆ ಸಮನೆಲದಲ್ಲಿ ಹೆಜ್ಜೆ ಹಾಕಲಾಗದಿರುವುದು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುವುದು, ಎದೆಯಲ್ಲಿ ಸುಯ್ ಎಂಬ ಸದ್ದು, ದಿನವೂ ಬೆಳಗ್ಗೆ ಕಫ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಕಾಲೂತ ಇವಾವುವೂ ಮುಪ್ಪಿನ ಸಹಜ ಲಕ್ಷಣಗಳಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಕ್ಷಯ ಇನ್ನೂ ದೇಶ ಬಿಟ್ಟು ಹೋಗಿಲ್ಲ. ಹಿಂದೆಂದೋ ಕ್ಷಯ ತಗುಲಿ ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಕಲೆಯೂ ಮುಪ್ಪಿನಲ್ಲಿ ಉಸಿರಿಗೆ ತೊಡಕಾಗಬಹುದು. ಹೃದಯದ ದೌರ್ಬಲ್ಯದಿಂದ, ರಕ್ತಹೀನತೆಯಿಂದ ಕೂಡ ಏದುಸಿರು ಬರುವುದುಂಟು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಚಿಕಿತ್ಸೆಯಿದೆ. 'ವಯಸ್ಸಾಯಿತು' ಎಂಬ ನಿರ್ಣಯಕ್ಕೆ ಮಾತ್ರ ಯಾವ ಚಿಕಿತ್ಸೆಯೂ ಇಲ್ಲ.

ಸ್ಪೈರೋಮೀಟರಿನಲ್ಲಿ ಊದುವ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಹೆಚ್ಚು ಹೊತ್ತೂ ಬೇಕಿಲ್ಲ. ಎತ್ತರ, ವಯಸ್ಸುಗಳಿಗೆ ತಕ್ಕ ಅಳತೆಯೊಡನೆ ಹೋಲಿಸಿ ವೈದ್ಯರು ಫಲವನ್ನು ಹೇಳುತ್ತಾರೆ. ನಾಳಗಳು ಕಿರಿದಾಗಿದ್ದರೆ ಸೇದುವ ಔಷಧಿ ಉಂಟು. ಅದನ್ನು ಹಿಡಿದರೆ ಚಟವಾಗುತ್ತದೆಂಬ ಭಯ ನಿರಾಧಾರವಾದುದು. ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಗುಳಿಗೆಗಿಂತ ಬಹಳ ಕಡಮೆ ಪ್ರಮಾಣವೇ ಸಾಕಾಗುತ್ತದೆ.

ಮನೆಯಲ್ಲಿ ಮಾಡಬೇಕಾದುದು

ಹಿಗ್ಗಿದ ಗಾಳಿಚೀಲಗಳನ್ನು ಮತ್ತೆ ಕಿರಿದಾಗಿಸುವ ಮದ್ದು ಯಾವುದೂ ಇಲ್ಲ. ಪ್ರಾಣಾಯಾಮದಿಂದ ಉಸಿರಾಟದ ಸ್ನಾಯುಗಳು ಪಳಗುತ್ತವೆ, ಉಸಿರು ಹದವಾಗುತ್ತದೆ; ಹೊಸ ಗಾಳಿಚೀಲಗಳು ಹುಟ್ಟುವುದಿಲ್ಲ. ಆದರೆ ಕಾಲಿನ ಸ್ನಾಯು ಬಲವಾಗಿದ್ದರೆ ಅದೇ ದೂರಕ್ಕೆ ಕಡಮೆ ಉಸಿರು ಸಾಕು. ಆದ್ದರಿಂದ ದಿನವೂ ನಡೆಯುವುದು ವೃದ್ಧರಿಗೆ ಬಹು ಹಿತ. ಏದುಸಿರಿಗೆ ಹೆದರಿ ಕುರ್ಚಿ ಹಿಡಿದವರ ಕಾಲು ಸೋಲುತ್ತದೆ. ಕಾಲು ಸೋತರೆ ಏದುಸಿರು ಇನ್ನೂ ಹೆಚ್ಚುತ್ತದೆ.

ಬೆನ್ನು ನೇರವಾಗಿಟ್ಟು ಕೂರುವುದು, ಮೂಳೆಗೆ ಬಲ ಕೊಡುವ ಹಾಲು, ರಾಗಿ, ಎಳೆಬಿಸಿಲು ಇವೂ ಎದೆಗೂಡಿಗೆ ಉಪಕಾರಿ. ಫ್ಲೂ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಗಳ ವಿಷಯವನ್ನು ಹಿರಿಯರಿರುವ ಪ್ರತಿಯೊಂದು ಮನೆಯವರೂ ವೈದ್ಯರೊಡನೆ ವಿಚಾರಿಸಬೇಕು. ಹಂಡೆಯ ಒಲೆಗೆ ಹೊಗೆಕೊಳವೆ ಹಾಕಿಸುವುದು, ಸಾಧ್ಯವಾದರೆ ಸೌದೆಯನ್ನೇ ಬಿಡಿಸುವುದು ಮಕ್ಕಳು ತಾಯಿಗೆ ಮಾಡಬಹುದಾದ ಸೇವೆ. ಹಬ್ಬಕ್ಕೆ ತರುವ ಸೀರೆಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು "ಚೆನ್ನಾಗಿದ್ದೀರಾ?" ಎಂದಷ್ಟೇ ಕೇಳಿದರೆ "ಚೆನ್ನಾಗಿದ್ದೇನಪ್ಪ" ಎಂಬ ಉತ್ತರವೇ ಬರುವುದು. ಅದರ ಬದಲು ಎರಡು ಪ್ರಶ್ನೆ ಕೇಳಬೇಕು: "ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಆಗುತ್ತಿಲ್ಲ? ಒಲೆಯ ಮುಂದೆ ಎಷ್ಟು ವರ್ಷ ಕುಳಿತಿರಿ?" ಇವೆರಡರ ಉತ್ತರವನ್ನು ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆಯೇ.